ಮಂಡನೆಯ ಮರುದಿನ

ಅಟ್ಟೂರು ಬಡಾವಣೆಯ ಒಂದು ಅಡ್ಡರಸ್ತೆಯ ಚರಂಡಿಗೆ ಚಪ್ಪಡಿ ಹಾಕಿಸಬೇಕಾಗಿದೆ ಎಂದುಕೊಳ್ಳಿ. ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಇಂಥ ಅಡ್ಡರಸ್ತೆಗಳು ಬೇಕಾದಷ್ಟು ಸಿಗುತ್ತವೆ. ಎಂಜಿನಿಯರ್ ಬಂದು ನೋಡಿ ಹೋಗುತ್ತಾರೆ. ಕೇಳಿದರೆ, ‘ಎಸ್ಟಿಮೇಟ್ ಕಳ್ಸಿದೀವಿ ಸಾರ್, ಬಜೆಟ್ ಆಗ್ಲಿ’ ಎನ್ನುತ್ತಾರೆ. ಬಜೆಟ್ ‘ಆಗುವುದು’ ಎಲ್ಲಿ, ಯಾರ ಮುಂದೆ, ಹೇಗೆ ಎನ್ನುವುದನ್ನು ಕಣ್ಣಾರೆ ಕಂಡ ಬೆಂಗಳೂರಿಗರು ಬಹಳ ಕಡಿಮೆ. ವಿಧಾನಸೌಧದ ಬಜೆಟ್ ದಿನ ಬೆಳಿಗ್ಗೆಯಿಂದ ಟೀವಿ ಮುಂದೆ ಕೂರುವವರೂ ತಮ್ಮ ಬೀದಿದೀಪ, ಕಸದ ಆಟೊ, ಕೆರೆ ಏರಿ, ಪಾರ್ಕಿನ ಬೇಲಿಯ ದುಡ್ಡನ್ನು ತೀರ್ಮಾನಿಸುವ ಪಾಲಿಕೆ ಬಜೆಟ್ಟನ್ನು ಮರುದಿನದ ಪತ್ರಿಕೆಯ ಒಂದು ತಲೆಬರಹದಲ್ಲಿ ಓದಿ ಮುಗಿಸುತ್ತಾರೆ.

ಆ ಬಜೆಟ್ಟಿಗೂ ಒಂದು ಸದನವಿತ್ತು. ಹಡ್ಸನ್ ವೃತ್ತದ ಪಾಲಿಕೆ ಕೇಂದ್ರ ಕಚೇರಿಯ ಆವರಣದಲ್ಲಿರುವ ಕೆಂಪೇಗೌಡ ಪೌರಸಭಾಂಗಣವೇ ಆ ಸದನ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಹುಟ್ಟಿದ ಎರಡು ಮುನಿಸಿಪಾಲಿಟಿಗಳು 1949ರಲ್ಲಿ ಒಂದಾಗಿ ನಗರಪಾಲಿಕೆಯಾದವು. ಅಟ್ಟೂರು ಇರುವ ಯಲಹಂಕದ ಸೀಮೆ ಅದರೊಳಗೆ ಬಂದದ್ದು ತೀರಾ ತಡವಾಗಿ, 2007ರಲ್ಲಿ. ಯಲಹಂಕ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಟ್ಟಿದಾಗ ಬಂದದ್ದು. ಹೊಸ ವಾರ್ಡುಗಳ ಎಣಿಕೆ ಶುರುವಾದದ್ದೇ ಈ ಕಡೆಯಿಂದ: ಒಂದನೇ ವಾರ್ಡು ಕೆಂಪೇಗೌಡ, ಎರಡು ಚೌಡೇಶ್ವರಿ, ಮೂರು ಅಟ್ಟೂರು, ನಾಲ್ಕು ಯಲಹಂಕ ಉಪನಗರ. ಹೀಗೆ 198ರವರೆಗೆ.

ಆ ಸಭಾಂಗಣದಲ್ಲಿ ಬಜೆಟ್ ಮಂಡಿಸುತ್ತಿದ್ದವರು ಮೇಯರ್ ಅಲ್ಲ, ಆಯುಕ್ತರೂ ಅಲ್ಲ. ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು. ಯಾವುದೋ ಒಂದು ವಾರ್ಡಿನಿಂದ ಗೆದ್ದು ಬಂದ ಸದಸ್ಯರೊಬ್ಬರು ಆ ಒಂದು ದಿನ ಇಡೀ ಬೆಂಗಳೂರಿನ ಹಣಕಾಸು ಸಚಿವರಂತೆ ಎದ್ದು ನಿಂತು ಓದುತ್ತಿದ್ದರು. 2017ರಲ್ಲಿ ಎಂ.ಕೆ. ಗುಣಶೇಖರ್, 2018ರಲ್ಲಿ ಎಂ. ಮಹದೇವ, 2019ರಲ್ಲಿ ಹೇಮಲತಾ ಗೋಪಾಲಯ್ಯ, 2020ರಲ್ಲಿ ಎಲ್. ಶ್ರೀನಿವಾಸ್. ಮೇಯರ್ ಮತ್ತು ಸ್ಥಾಯಿ ಸಮಿತಿಗಳ ಅವಧಿ ಒಂದೇ ವರ್ಷದ್ದಾದ್ದರಿಂದ ಪ್ರತಿ ಬಜೆಟ್ಟಿಗೂ ಹೊಸಬರು. ಹೋದ ವರ್ಷ ಹೇಳಿದ್ದು ಏನಾಯಿತು ಎಂದು ಕೇಳಿದರೆ ಉತ್ತರಿಸಬೇಕಾದವರು ಅಷ್ಟರಲ್ಲಿ ಹಿಂದಿನ ಸಾಲಿಗೆ ಹೋಗಿ ಕೂತಿರುತ್ತಿದ್ದರು. ಈ ವ್ಯವಸ್ಥೆಯ ದೊಡ್ಡ ದೋಷ ಇದು ಎಂದೇ ನನ್ನ ಅಭಿಪ್ರಾಯ.

ಆದರೂ ಆ ಸಭೆಯನ್ನು ನಾನು ಬೆಲೆಯುಳ್ಳದ್ದೆಂದು ಹೇಳುವುದು ಮಂಡನೆಯ ದಿನಕ್ಕಾಗಿ ಅಲ್ಲ, ಅದರ ನಂತರದ ಚರ್ಚೆಗಾಗಿ. ಮಂಡನೆ ದಿನ ಭಾಷಣ, ಹೊಸ ಯೋಜನೆಗಳ ಹೆಸರು, ಶಾಲು-ಹಾರ. ಸದಸ್ಯರು ಬಜೆಟ್ ಪುಸ್ತಕ ಓದಿಕೊಂಡು ಬರುತ್ತಿದ್ದುದು ಚರ್ಚೆಗೆ. ಆಗ ಒಬ್ಬೊಬ್ಬರೂ ತಮ್ಮ ವಾರ್ಡಿನ ಹೆಸರೆತ್ತಿ, ನಮಗೆಷ್ಟು, ಪಕ್ಕದ ವಾರ್ಡಿಗೆಷ್ಟು, ಯಾಕೆ ಎಂದು ಜಗಳ ತೆಗೆಯುತ್ತಿದ್ದರು. ಹಳೆಯ ನೂರು ವಾರ್ಡಿನವರಿಗೆ ಒಂದು ಲೆಕ್ಕ, ಹೊಸದಾಗಿ ಸೇರಿದವರಿಗೆ ಇನ್ನೊಂದು ಲೆಕ್ಕವೇ ಎಂಬ ಹೊರವಲಯದವರ ದೂರು ಇಲ್ಲಿ ಬರುತ್ತಿತ್ತು. ಮೇಯರ್ ಪೀಠದ ಮುಂದೆ ಧರಣಿ ಕೂತು ಕೂಗಾಡಿದ್ದೂ ಉಂಟು. ಆ ಗದ್ದಲವನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಗದ್ದಲದ ನಡುವೆಯೇ ಆಯುಕ್ತರು ಎದ್ದು ಉತ್ತರ ಕೊಡಬೇಕಾಗುತ್ತಿತ್ತು, ಆ ಉತ್ತರ ನಡಾವಳಿಯಲ್ಲಿ ದಾಖಲಾಗುತ್ತಿತ್ತು.

ಇನ್ನು ಪುಸ್ತಕದ ವಿಷಯ. ಬಜೆಟ್ ಪ್ರತಿಯಲ್ಲಿ ಭಾಷಣದ ಪುಟಗಳನ್ನು ಹಾರಿಸಿ ನೇರ ಕೋಷ್ಟಕಗಳಿಗೆ ಹೋಗಬೇಕು. ಪ್ರತಿ ಲೆಕ್ಕ ಶೀರ್ಷಿಕೆಯ ಎದುರಿಗೆ ಅಂಕಣಗಳಿರುತ್ತವೆ: ಹಿಂದಿನ ವರ್ಷ ನಿಜವಾಗಿ ಆದದ್ದು, ಈ ವರ್ಷದ ಅಂದಾಜು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷಕ್ಕೆ ಇಟ್ಟದ್ದು. ಎಲ್ಲರೂ ಕೊನೆಯ ಅಂಕಣ ನೋಡುತ್ತಾರೆ. ನೋಡಬೇಕಾದದ್ದು ಮೊದಲನೆಯದು. ಕೆರೆ ಅಭಿವೃದ್ಧಿಗೆ ದೊಡ್ಡ ಮೊತ್ತ ಇಟ್ಟು ಹಿಂದಿನ ವರ್ಷ ಅದರಲ್ಲಿ ಕಾಲುಭಾಗವೂ ಖರ್ಚಾಗಿರದಿದ್ದರೆ, ಹೊಸ ಮೊತ್ತವನ್ನು ಎಷ್ಟು ನಂಬಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಹಾಗೆಯೇ ಆದಾಯದ ಪುಟ: ಆಸ್ತಿ ತೆರಿಗೆ ಎಷ್ಟು, ಸರ್ಕಾರದ ಅನುದಾನ ಎಷ್ಟು, ಜಾಗ ಮಾರಿಯೋ ಸುಧಾರಣಾ ಶುಲ್ಕ ವಸೂಲಿ ಮಾಡಿಯೋ ಬರುತ್ತದೆಂದು ಬರೆದುಕೊಂಡದ್ದು ಎಷ್ಟು. ಬಾರದ ಆದಾಯದ ಮೇಲೆ ನಿಂತ ಖರ್ಚು ಮುಂದಿನ ವರ್ಷ ‘ಮುಂದುವರಿದ ಕಾಮಗಾರಿ’ ಎಂಬ ಹೆಸರಲ್ಲಿ ಮತ್ತೆ ಬಂದು ಕೂರುತ್ತದೆ. ಹೊಸ ಚಪ್ಪಡಿಗೆ ಜಾಗ ಬಿಡದಿರುವುದು ಹೆಚ್ಚಾಗಿ ಈ ಹಳೇ ಬಾಕಿಯೇ.

ಪುಸ್ತಕದಿಂದ ಬೀದಿಗೆ ಬರುವ ದಾರಿಯಲ್ಲಿ ಎರಡು ಸಂಕೇತಗಳಿವೆ. ಒಂದು ಪಿ-ಕೋಡ್, ದುಡ್ಡು ಯಾವ ಶೀರ್ಷಿಕೆಯದ್ದು ಎಂದು ಹೇಳುವುದು ಅದು. ಇನ್ನೊಂದು ಜಾಬ್ ನಂಬರ್. ಪಾಲಿಕೆಯ ಪ್ರತಿ ಕಾಮಗಾರಿಗೂ ವಾರ್ಡಿನ ಸಂಖ್ಯೆ, ವರ್ಷ, ಕ್ರಮಸಂಖ್ಯೆ ಸೇರಿಸಿ ಒಂದು ನಂಬರ್ ಕೊಡುತ್ತಿದ್ದರು. ಅಟ್ಟೂರಿನ ಕೆಲಸವಾದರೆ 003ರಿಂದ ಶುರು, ಆಮೇಲೆ ವರ್ಷದ ಎರಡು ಅಂಕಿ, ಆಮೇಲೆ ಸರಣಿ. ಈ ನಂಬರ್ ಬಿದ್ದ ಮೇಲಷ್ಟೇ ಟೆಂಡರು, ಕೆಲಸ, ಬಿಲ್ಲು. ಆದ್ದರಿಂದಲೇ ತಿಳಿದ ಹಿರಿಯರು ವಾರ್ಡ್ ಕಚೇರಿಗೆ ಹೋದಾಗ ‘ಕೆಲಸ ಯಾವಾಗ ಮಾಡ್ತೀರಾ’ ಎಂದು ಕೇಳುವುದಿಲ್ಲ, ‘ಜಾಬ್ ನಂಬರ್ ಬಿತ್ತಾ’ ಎಂದು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಸಮಾಧಾನ ಸಿಗುತ್ತದೆ, ಎರಡನೆಯದಕ್ಕೆ ಉತ್ತರ ಸಿಗುತ್ತದೆ.

ಇಷ್ಟೆಲ್ಲ ಕಟ್ಟಿಕೊಂಡ ಸಭೆ 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿಸಿತು. ಅದರ ಕೊನೆಯ ಬಜೆಟ್ ಕೋವಿಡ್ ಲಾಕ್‌ಡೌನ್ ನಡುವೆ, ಏಪ್ರಿಲ್‌ನಲ್ಲಿ ವಿಡಿಯೊ ಕಾನ್ಫರೆನ್ಸ್ ಮೂಲಕ ಮಂಡನೆಯಾಯಿತು. ಆ ನಂತರದ ಐದು ಬಜೆಟ್‌ಗಳು, 2021ರಿಂದ 2025ರವರೆಗೆ, ಅಧಿಕಾರಿಗಳವು. 2022ರದ್ದಂತೂ ಮಾರ್ಚ್ 31ರ ರಾತ್ರಿ, ಆರ್ಥಿಕ ವರ್ಷ ಮುಗಿಯಲು ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ವೆಬ್‌ಸೈಟಿಗೆ ಬಂತು. 10,480 ಕೋಟಿ ರೂಪಾಯಿಯ ಬಜೆಟ್ಟನ್ನು ಓದಿ ಹೇಳುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಅದಕ್ಕೆ ಬಂದ ಟೀಕೆಯ ಬಳಿಕ 2023ರಿಂದ ಪುರಭವನದಲ್ಲಿ ವಿಶೇಷ ಆಯುಕ್ತರು ಓದುವ ಕ್ರಮ ಬಂತು. 1935ರಲ್ಲಿ ಕಟ್ಟಿದ, ಪುರಸಭೆಯ ಅಧ್ಯಕ್ಷರಾಗಿದ್ದ ಪುಟ್ಟಣ್ಣಚೆಟ್ಟಿಯವರ ಹೆಸರಿನ ಕಟ್ಟಡ ಅದು. ಅಲ್ಲಿ ಮಂಡನೆ ಇತ್ತು, ಮರುದಿನ ಇರಲಿಲ್ಲ. 2024ರಲ್ಲಿ 12,369 ಕೋಟಿ ಇದ್ದ ಬಜೆಟ್ 2025ರಲ್ಲಿ 19,927 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಏಳೂವರೆ ಸಾವಿರ ಕೋಟಿ ಎಲ್ಲಿಂದ ಬರುತ್ತದೆ, ಮೂರನೇ ವಾರ್ಡಿಗೆ ಅದರಲ್ಲಿ ಎಷ್ಟು ಎಂದು ಎದ್ದು ನಿಂತು ಕೇಳುವ ಹಕ್ಕಿದ್ದ ಒಬ್ಬ ಸದಸ್ಯರೂ ಆಗ ಇರಲಿಲ್ಲ.

ಯಲಹಂಕದ ಕಡೆಯವರಿಗೆ ಇದು ಹೊಸದೂ ಅಲ್ಲ. ಅವರನ್ನು ಪಾಲಿಕೆಗೆ ಸೇರಿಸಿದಾಗಲೂ ಆಡಳಿತಾಧಿಕಾರಿಯ ಕಾಲವೇ. ಬೃಹತ್ ಪಾಲಿಕೆಯ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಆ ಪಾಲಿಕೆ ಬದುಕಿದ್ದ 18 ವರ್ಷಗಳಲ್ಲಿ ಚುನಾಯಿತ ಸಭೆ ಇದ್ದದ್ದು ಸುಮಾರು ಹತ್ತು ವರ್ಷ ಮಾತ್ರ.

ಸಭೆ ಇಲ್ಲದ ಕಾಲದಲ್ಲಿ ಜನ ಸುಮ್ಮನೆ ಕೂತಿದ್ದರು ಎಂದೇನೂ ಅಲ್ಲ. ಪಾಲಿಕೆಯ ಲೆಕ್ಕ ಬಿಡಿಸಿ ನೋಡುವ ಅಭ್ಯಾಸ ಬೆಂಗಳೂರಿಗೆ 2002ರಿಂದಲೇ ಇದೆ. ಆ ವರ್ಷ ಕೆಲವು ನಾಗರಿಕ ಸಂಸ್ಥೆಗಳು ‘ಪ್ರೂಫ್’ ಎಂಬ ಅಭಿಯಾನ ಶುರುಮಾಡಿ ಮೂರು ತಿಂಗಳಿಗೊಮ್ಮೆ ಪಾಲಿಕೆಯ ಆದಾಯ-ವೆಚ್ಚವನ್ನು ಸಾರ್ವಜನಿಕರ ಮುಂದಿಡಿಸಿದವು. ಬಳಿಕ ಜನಾಗ್ರಹ ಸಂಸ್ಥೆಯ ‘ನನ್ನ ನಗರ ನನ್ನ ಬಜೆಟ್’ ಬಂತು. ಜನರ ಬೇಡಿಕೆಗಳನ್ನು ವಾರ್ಡುವಾರು ಸಂಗ್ರಹಿಸಿ ಪಾಲಿಕೆಗೆ ಒಪ್ಪಿಸುವ ಕೆಲಸ. 2021ರ ಬಜೆಟ್‌ನಲ್ಲಿ ಪ್ರತಿ ವಾರ್ಡ್ ಸಮಿತಿಗೂ 60 ಲಕ್ಷ ರೂಪಾಯಿ ಎಂದು ಇಟ್ಟರು, 198 ವಾರ್ಡಿಗೆ 118.80 ಕೋಟಿ. ರಸ್ತೆ ಗುಂಡಿ, ಪಾದಚಾರಿ ಮಾರ್ಗ, ಕೊಳವೆಬಾವಿಯಂಥ ಸಣ್ಣ ಕೆಲಸಗಳಿಗೆ. ಒಟ್ಟು ಬಜೆಟ್ಟಿನ ಎದುರು ಇದು ಶೇ 1ರ ಆಸುಪಾಸು. ಆದರೆ ಬೀದಿಯವರು ಕೂತು, ಈ ಗುಂಡಿ ಮೊದಲು, ಆ ಫುಟ್‌ಪಾತ್ ಆಮೇಲೆ ಎಂದು ಹೇಳಬಹುದಾದ ದುಡ್ಡು ಬಜೆಟ್ ಪುಸ್ತಕದೊಳಗೆ ಬಂದದ್ದು ನನಗೆ ದೊಡ್ಡ ಸಂಗತಿಯಾಗಿಯೇ ಕಂಡಿತು.

2025ರ ಸೆಪ್ಟೆಂಬರ್ 2ರಿಂದ ಬೃಹತ್ ಪಾಲಿಕೆ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳಾಗಿವೆ. ಒಟ್ಟು 369 ವಾರ್ಡುಗಳಲ್ಲಿ 72 ಬೆಂಗಳೂರು ಉತ್ತರ ನಗರಪಾಲಿಕೆಗೆ ಸೇರಿವೆ. ಯಲಹಂಕ, ಬ್ಯಾಟರಾಯನಪುರ, ಹೆಬ್ಬಾಳದ ಕಡೆಯೆಲ್ಲ ಅದರ ಪಾಲು. 198 ವಾರ್ಡಿನ ಪುಸ್ತಕದಲ್ಲಿ ತನ್ನ ಸಾಲು ಹುಡುಕುತ್ತಿದ್ದ ಅಟ್ಟೂರಿಗೆ 72 ವಾರ್ಡಿನ ಪುಸ್ತಕ ಓದುವುದು ಖಂಡಿತ ಸುಲಭ. ತೆರಿಗೆ ಕಟ್ಟಿದ್ದೆಷ್ಟು, ತಿರುಗಿ ಬಂದದ್ದೆಷ್ಟು ಎಂದು ಹೋಲಿಸುವುದೂ ಈಗ ಹತ್ತಿರದ ಮಾತು.

ಹಿಂಬಾಲಿಸಬೇಕೆಂದಿರುವವರು ಮಾರ್ಚ್‌ಗೆ ಕಾಯಬಾರದು. ಅಧಿಕಾರಿಗಳ ಮಟ್ಟದಲ್ಲಿ ಅಂದಾಜುಗಳು ಹೊಂದಿಕೆಯಾಗುವುದು ಚಳಿಗಾಲದಲ್ಲಿ, ಮಂಡನೆಗೆ ಎರಡು ಮೂರು ತಿಂಗಳು ಮೊದಲೇ. ಬೀದಿಯ ಬೇಡಿಕೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕಾದದ್ದು ಆಗ. ಪುಸ್ತಕ ಬಂದ ಮೇಲೆ ಮೊದಲ ಅಂಕಣ, ಆದಾಯದ ಪುಟ, ಮುಂದುವರಿದ ಕಾಮಗಾರಿಗಳ ಮೊತ್ತ, ಈ ಮೂರನ್ನಾದರೂ ನೋಡಬೇಕು. ಆಮೇಲೆ ತಮ್ಮ ವಾರ್ಡಿನ ಜಾಬ್ ನಂಬರ್‌ಗಳ ಪಟ್ಟಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಚುನಾಯಿತ ಸಭೆ ಸೇರಿದ ದಿನ, ಈ ಪಟ್ಟಿ ಕೈಲಿ ಹಿಡಿದ ನಾಲ್ಕು ಜನ ಅಟ್ಟೂರಿನಿಂದ ಹೋಗಿ ತಮ್ಮ ಸದಸ್ಯರ ಬಳಿ ಬಜೆಟ್ ಚರ್ಚೆಗೆ ಮುಂಚೆ ಮಾತಾಡಿದರೆ, ಆ ಚರ್ಚೆಯಲ್ಲಿ ಅಡ್ಡರಸ್ತೆಯ ಚಪ್ಪಡಿಯ ಪ್ರಶ್ನೆ ಬಂದೇ ಬರುತ್ತದೆ.