ಕುಂಡ ಎತ್ತಿ ನೋಡು

"ಇನ್ಮೇಲೆ ಆ ಗಿಡಕ್ಕೆ ನೀರು ಹಾಕಬೇಡಮ್ಮ" ಅಂತ ಹೇಳಿದ್ದು ನಾನೇ. ಹೇಳುವಾಗ ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ಇನ್ನೊಂದರಲ್ಲಿ ಚಪ್ಪಲಿ. ಒಂಬತ್ತೂವರೆಗೆ ಮೀಟಿಂಗ್ ಇತ್ತು. ಅಮ್ಮ "ಸರಿ ಬಿಡು" ಅಂದು ಚೊಂಬನ್ನು ಸಿಂಕ್ ಪಕ್ಕ ಬೋರಲು ಹಾಕಿ ಒಳಗೆ ಹೋದಳು. ಆ "ಸರಿ ಬಿಡು" ಎಂಥದ್ದು ಅಂತ ಸಂಜೆ ಮೆಟ್ರೋದಲ್ಲಿ ಬರುವಾಗ ಹೊಳೆಯಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ರಾಜಾಜಿನಗರದ ಮನೆ ಬಿಟ್ಟು ವಿಜಯನಗರದ ನಮ್ಮ ಮೂರನೇ ಮಹಡಿಯ ಫ್ಲ್ಯಾಟ್‌ಗೆ ಬಂದಳು. ಅಲ್ಲಿ ಅಂಗಳ ಅಂತ ಇದ್ದದ್ದು ಹತ್ತಡಿ ಜಾಗ. ಅಷ್ಟರಲ್ಲೇ ತುಳಸಿ, ದಾಸವಾಳ, ಕರಿಬೇವು, ಒಂದು ಪಾರಿಜಾತ. ಬೆಳಗ್ಗೆ ಎಲ್ಲಕ್ಕೂ ನೀರು ಹಾಕಿ, ಪಕ್ಕದ ಮನೆಯವರ ಜೊತೆ ಎರಡು ಮಾತಾಡಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗ್ತಿತ್ತು. ಇಲ್ಲಿಗೆ ಬಂದಾಗ ಆ ಮುಕ್ಕಾಲು ಗಂಟೆಗೆ ಉಳಿದದ್ದು ಹಾಲ್‌ನ ಮೂಲೆಯಲ್ಲಿದ್ದ ಒಂದೇ ಒಂದು ಪೀಸ್ ಲಿಲಿ.

ಅದನ್ನು ತಂದದ್ದು 2023ರ ಆಗಸ್ಟ್‌ನಲ್ಲಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಆ ಸಲ ಹೂವಿನ ವಿಧಾನಸೌಧ ಕಟ್ಟಿದ್ದರು. ಅಮ್ಮನಿಗೆ ತೋರಿಸೋಣ ಅಂತ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಹೋಗಿದ್ವಿ. ಬರುವಾಗ ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಮತ್ತು ಈ ಗಿಡ. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕುಂಡ ಚೆನ್ನಾಗಿ ಕಾಣಲ್ಲ ಅಂತ ನಾನು ಆನ್‌ಲೈನ್‌ನಲ್ಲಿ ಬಿಳೀ ಸೆರಾಮಿಕ್ ಕುಂಡ ತರಿಸಿದೆ. ಅದರ ತಳದಲ್ಲಿ ತೂತು ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅಮ್ಮ ತುಳಸಿಗೆ ಹಾಕುವ ಹಾಗೆ ದಿನಾ ಬೆಳಗ್ಗೆ ಒಂದು ಚೊಂಬು ನೀರು ಹಾಕಿದಳು. ಸೆಪ್ಟೆಂಬರ್ ಕಳೆಯಿತು. ಅಕ್ಟೋಬರ್‌ನಲ್ಲಿ ಒಂದು ದಿನ ಎಲೆಗಳೆಲ್ಲ ಕುಂಡದ ಅಂಚಿಗೆ ಜೋತುಬಿದ್ದವು. ನೋಡಿದವರು ಯಾರಾದರೂ ಬಾಯಾರಿದೆ ಅಂತಲೇ ಹೇಳಬೇಕು. ನಾನೂ ಹಾಗೇ ಅಂದುಕೊಂಡು ಇನ್ನೊಂದು ಚೊಂಬು ಹಾಕಿದೆ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋ ಜೂನಿಯರ್‌ಗಳನ್ನು ಬೈಯೋಳು ನಾನು!

ಎರಡು ದಿನ ಬಿಟ್ಟು ಗಿಡವನ್ನು ಕುಂಡದಿಂದ ಎತ್ತಿದಾಗ ಮೋರಿಯ ವಾಸನೆ. ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಬೇರು ಕಪ್ಪಾಗಿ, ಹಿಡಿದರೆ ಸಿಪ್ಪೆ ಕೈಗೆ ಬರ್ತಿತ್ತು.

ಆಮೇಲೆ ಓದಿ ತಿಳಿದದ್ದು ಇಷ್ಟು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ಸಂದಿಯಲ್ಲಿ ಸದಾ ನೀರೇ ತುಂಬಿದ್ದರೆ ಆಮ್ಲಜನಕ ಸಿಗದೆ ಬೇರು ಸಾಯುತ್ತೆ, ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ. ಸತ್ತ ಬೇರು ನೀರು ಎಳೆಯಲಾರದು. ಹಾಗಾಗಿ ನೀರಿನಲ್ಲೇ ಮುಳುಗಿರೋ ಗಿಡದ ಎಲೆಗೆ ನೀರಿಲ್ಲ. ಬಾಯಾರಿದ ಗಿಡವೂ ಜೋತುಬೀಳುತ್ತೆ, ಮುಳುಗಿದ ಗಿಡವೂ ಜೋತುಬೀಳುತ್ತೆ. ಪೀಸ್ ಲಿಲಿ, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್ ಇವೆಲ್ಲ ಅಮೆರಿಕ ಖಂಡದ ಉಷ್ಣವಲಯದ ಕಾಡಿನವು. ಅಲ್ಲಿ ಮಳೆ ಜಾಸ್ತಿ, ನಿಜ. ಆದರೆ ನೆಲದ ಮೇಲೆ ಇರೋದು ಉದುರಿದ ಎಲೆ, ಕೊಳೆತ ತೊಗಟೆ. ನೀರು ಬಂದಷ್ಟೇ ಬೇಗ ಇಳಿದುಹೋಗುತ್ತೆ. ನಮ್ಮ ಕೆಮ್ಮಣ್ಣು ಕುಂಡದೊಳಗೆ ಗಟ್ಟಿಯಾಗಿ ಕೂತುಬಿಡುತ್ತೆ. ತಳಕ್ಕೆ ಕಲ್ಲು ಹಾಕಿದರೆ ಸರಿಹೋಗುತ್ತೆ ಅಂತಾರಲ್ಲ, ಹೋಗಲ್ಲ. ನೀರು ಕಲ್ಲಿನ ಮೇಲಿನ ಮಣ್ಣಲ್ಲೇ ತಂಗುತ್ತೆ. ತೂತೇ ಬೇಕು.

ಕೊಳೆತ ಬೇರು ಕತ್ತರಿಸಿ, ಕೆಮ್ಮಣ್ಣು ಕಡಿಮೆ ಮಾಡಿ ಕೊಕೊಪೀಟ್, ಪರ್ಲೈಟ್, ಸ್ವಲ್ಪ ಎರೆಗೊಬ್ಬರ ಸೇರಿಸಿ, ಅದೇ ಹಳೇ ಕಪ್ಪು ಕುಂಡದಲ್ಲಿ ನೆಟ್ಟೆ. ಹನ್ನೊಂದು ಎಲೆಯಲ್ಲಿ ಉಳಿದದ್ದು ನಾಲ್ಕು. ಅಮ್ಮನಿಗೆ ಆ ಮಾತು ಹೇಳಿದ್ದು ಮಾರನೇ ದಿನ ಬೆಳಗ್ಗೆ.

ಆಮೇಲೆ ನಾನು ಫೋನಿನಲ್ಲಿ ರಿಮೈಂಡರ್ ಹಾಕಿದೆ: ಪ್ರತಿ ಭಾನುವಾರ, 200 ಎಂಎಲ್. ಎಕ್ಸೆಲ್ ಶೀಟ್ ಬೇರೆ. ಡಿಸೆಂಬರ್‌ನಲ್ಲಿ, ಬಿಸಿಲೇ ಬಾರದ ವಾರಗಳಲ್ಲಿ, ಏಳು ದಿನಕ್ಕೂ ಮಣ್ಣು ಹಸಿಯಾಗೇ ಇರ್ತಿತ್ತು. ಫೆಬ್ರವರಿಯ ಒಣಗಾಳಿಯಲ್ಲಿ ಬುಧವಾರಕ್ಕೇ ಗಿಡ ತಲೆ ಬಾಗಿಸ್ತಿತ್ತು. ನನ್ನ ಶೀಟ್‌ಗೆ ಹವಾಮಾನ ಗೊತ್ತಿರಲಿಲ್ಲ. ಅಮ್ಮನ ಚೊಂಬಿಗೂ ನನ್ನ ಭಾನುವಾರಕ್ಕೂ ಏನು ವ್ಯತ್ಯಾಸ? ಇಬ್ಬರೂ ಗಿಡ ನೋಡದೆ ನೀರು ಹಾಕಿದವರೇ.

ಅಷ್ಟರಲ್ಲಿ 2024ರ ಮಾರ್ಚ್ ಬಂತು. ಆ ಬೇಸಿಗೆ ಬೆಂಗಳೂರಿನಲ್ಲಿದ್ದವರು ಯಾರೂ ಮರೆತಿರಲ್ಲ. ನಮ್ಮ ಬೋರ್‌ವೆಲ್ ಕೈಕೊಟ್ಟಿತು, ಟ್ಯಾಂಕರ್‌ಗೆ ಫೋನ್ ಮಾಡೋದೇ ಒಂದು ಕೆಲಸ ಆಯ್ತು. ಕುಡಿಯೋ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲೆತ್ತಿ ತರೋ ಕಾವೇರಿಯನ್ನು ತೂತಿಲ್ಲದ ಕುಂಡಕ್ಕೆ ಸುರಿದಿದ್ದು ನೆನೆಸಿಕೊಂಡು ನಾಚಿಕೆಯಾಯ್ತು.

ಜಾಣತನ ಅಂತ ಆರ್‌ಒ ಫಿಲ್ಟರ್‌ನಿಂದ ಹೊರಹೋಗೋ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕತೊಡಗಿದೆ. ಒಂದು ತಿಂಗಳಲ್ಲಿ ಎಲೆಯ ತುದಿಗಳೆಲ್ಲ ಸುಟ್ಟ ಹಾಗೆ ಕಂದು, ಮಣ್ಣಿನ ಮೇಲೆ ಬಿಳೀ ಪದರ. ಕಾರಣ ಸರಳ: ಶುದ್ಧ ನೀರು ನಮ್ಮ ಲೋಟಕ್ಕೆ, ಬಿಟ್ಟ ಲವಣವೆಲ್ಲ ಆ ಬಕೆಟ್‌ಗೆ. ನೆಲ ಒರೆಸೋಕೆ, ಟಾಯ್ಲೆಟ್‌ಗೆ ಅದು ಧಾರಾಳ ಆಗುತ್ತೆ. ಸೂಕ್ಷ್ಮ ಎಲೆಯ ಗಿಡಕ್ಕೆ ಬೇಡ.

ಗಿಡ ಉಳಿಸಿದ್ದು ಅಮ್ಮ. ಅವಳು ನನಗೆ ಹೇಳದೇ ತರಕಾರಿ, ಸೊಪ್ಪು ತೊಳೆದ ನೀರನ್ನು ಎತ್ತಿಡ್ತಿದ್ದಳು. ಒಂದು ಬೆಳಗ್ಗೆ ನೋಡ್ತೀನಿ, ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಹಗುರಾಗಿ ಕುಲುಕಿ ಕೆಳಗಿಡ್ತಾ ಇದ್ದಾಳೆ.

"ಏನಮ್ಮ ಅದು?"

"ಸಿಲಿಂಡರ್‌ನಲ್ಲಿ ಗ್ಯಾಸ್ ಎಷ್ಟಿದೆ ಅಂತ ಹೆಂಗೆ ನೋಡ್ತೀಯಾ? ಎತ್ತೇ ತಾನೆ? ಇವತ್ತು ಭಾರ ಇದೆ ಕಣೇ, ಬೇಡ."

ಬೇಡ ಅಂದಮೇಲೂ ಅವಳು ಇದನ್ನು ದಿನಾ ಮಾಡ್ತಿದ್ದಳಂತೆ. ನೀರು ಹಾಕಬೇಡ ಅಂದಿದ್ದೆ, ನೋಡಬೇಡ ಅಂದಿರಲಿಲ್ಲವಲ್ಲ.

ಈಗ ನಮ್ಮ ಮನೆಯ ಕ್ರಮ ಅವಳದೇ. ಕುಂಡ ಎತ್ತಿ ನೋಡೋದು. ಅನುಮಾನ ಇದ್ದರೆ ಬೆರಳು ಚುಚ್ಚೋದು: ಅನ್ನಕ್ಕೆ ನೀರಿಡುವಾಗ ಅಳೆಯೋ ಅದೇ ಬೆರಳಿನ ಮೊದಲ ಗೆರೆಯವರೆಗೆ ಒಣಗಿದ್ದರೆ ಮಾತ್ರ ನೀರು. ಕೊಕೊಪೀಟ್ ಮೇಲೆ ಒಣಗಿದ ಹಾಗೆ ಕಂಡು ಒಳಗೆ ಹಸಿ ಇಟ್ಟುಕೊಂಡಿರುತ್ತೆ, ಕಣ್ಣನ್ನು ನಂಬೋ ಹಾಗಿಲ್ಲ. ಹಾಕೋ ದಿನ ಚಮಚೆ ಲೆಕ್ಕ ಬೇಡ. ಸುತ್ತಲೂ ನಿಧಾನಕ್ಕೆ, ತಳದ ತೂತಿಂದ ಹರಿದುಬರೋವರೆಗೆ ಹಾಕಿ, ಕಾಲು ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಊರಿಗೆ ಹೋಗಿ ಬಂದಾಗ ಕೊಕೊಪೀಟ್ ಪೂರ್ತಿ ಒಣಗಿದ್ದರೆ ಮೇಲಿಂದ ಹಾಕಿದ ನೀರು ಅಂಚಿನಲ್ಲೇ ಜಾರಿ ಕೆಳಗೆ ಹೋಗುತ್ತೆ. ಆಗ ಕುಂಡವನ್ನೇ ಅರ್ಧ ಬಕೆಟ್ ನೀರಲ್ಲಿ ಅರ್ಧ ಗಂಟೆ ಕೂರಿಸಿ. ಜೋತುಬಿದ್ದ ಗಿಡದ ಕುಂಡ ಹಗುರ ಇದ್ದರೆ ನೀರು ಕೊಡಿ, ಕೆಲವು ಗಂಟೆಯಲ್ಲಿ ಎದ್ದು ನಿಲ್ಲುತ್ತೆ. ಭಾರ ಇದ್ದು ಕೆಳಗಿನ ಎಲೆ ಹಳದಿಯಾಗಿದ್ದರೆ ಚೊಂಬು ಕೆಳಗಿಟ್ಟು ಬೇರು ನೋಡಿ. (ಮನೆಯಲ್ಲಿ ಅಂಬೆಗಾಲಿಡೋ ಮಗುವೋ ಬೆಕ್ಕೋ ಇದ್ದರೆ ಪೀಸ್ ಲಿಲಿಯನ್ನು ಎತ್ತರದಲ್ಲಿಡಿ, ಎಲೆ ಅಗಿದರೆ ಬಾಯಿ ಉರಿಯುತ್ತೆ.)

ಮೇ ತಿಂಗಳ ಮೊದಲ ಮಳೆಗೆ ಅಮ್ಮ ಟೆರೇಸ್‌ನಲ್ಲಿ ಎರಡು ಬಕೆಟ್ ಇಟ್ಟಳು. ಆ ನೀರನ್ನು ಎರಡು ಮೂರು ಸಲ ಧಾರಾಳವಾಗಿ ಹಾಯಿಸಿ ಮಣ್ಣಿನ ಲವಣ ತೊಳೆದ್ವಿ. ಕಂದು ತುದಿ ಹಸಿರಾಗಲಿಲ್ಲ, ಆಗೋದೂ ಇಲ್ಲ. ಹೊಸ ಎಲೆಗಳು ಮಾತ್ರ ಚೊಕ್ಕಟವಾಗಿ ಬಂದವು. ಟೆರೇಸ್‌ಗೆ ಓಡಾಡ್ತಾ ಅವಳಿಗೆ ಎರಡನೇ ಮಹಡಿಯ ಆಂಟಿಯ ಪರಿಚಯವಾಗಿ, ಈಗ ಅವರ ಮನೆಯ ಮನಿ ಪ್ಲಾಂಟ್ ಕುಂಡವನ್ನೂ ಇವಳೇ ಎತ್ತಿ ನೋಡಿ ಬರ್ತಾಳೆ.

ಮುಂದಿನ ವಾರ ಅಮ್ಮ ಚಿಕ್ಕಮ್ಮನ ಮನೆಗೆ ಮೈಸೂರಿಗೆ ಹೊರಟಿದ್ದಾಳೆ, ಎಂಟು ದಿನ. ನನ್ನ ಕೈಗೆ ಕುಂಡ ಕೊಟ್ಟು ಎರಡು ಸಲ ಎತ್ತಿಸಿದಳು, ಒಂದು ಸಲ ನೀರು ಹಾಕೋಕೆ ಮುಂಚೆ, ಒಂದು ಸಲ ಹಾಕಿದ ಮೇಲೆ. "ಗೊತ್ತಾಯ್ತಾ?" ಅಂದಳು. ಹೂಂ ಅಂದೆ. ನಂಬಿಕೆ ಬಂದ ಹಾಗಿಲ್ಲ, ಆಂಟಿಗೂ ಒಂದು ಕೀ ಕೊಟ್ಟಿದ್ದಾಳೆ.