ಬಣ್ಣಕ್ಕೆ ಸೋಲದ ಗಾಣ

ಬೆಲ್ಲದ ಪೇಟೆಯಲ್ಲಿ ಮೊದಲು ನೋಡುವುದು ಬಣ್ಣ, ರುಚಿಯ ಮಾತು ಆಮೇಲೆ. ಹಳದಿ ಹೊಳೆದರೆ ದರ ಏರುತ್ತದೆ, ಕಂದು ಕಂಡರೆ ಇಳಿಯುತ್ತದೆ. ಕುದಿಯುವ ಕಡಾಯಿಗೆ ‘ಹೈಡ್ರೋಸ್’ ಬೀಳುವುದು ಇದೇ ಕಾರಣಕ್ಕೆ. ಅದು ಸೋಡಿಯಂ ಹೈಡ್ರೋಸಲ್ಫೈಟ್ ಎಂಬ, ಗಂಧಕವಿರುವ ಪುಡಿ. ಆ ಹಳದಿಯೂ ಕೆಲವು ವಾರಗಳಷ್ಟೇ. ಇಟ್ಟ ಬೆಲ್ಲ ಮತ್ತೆ ಕಪ್ಪಗಾಗುತ್ತದೆ.

ಘಟಪ್ರಭೆಯ ಆಸುಪಾಸಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕಬ್ಬಿನ ಸೀಮೆ. ಹಿಡಕಲ್ ಅಣೆಕಟ್ಟೆಯ ನೀರು ಕಾಲುವೆಗೆ ಬಂದ ಮೇಲಂತೂ ಕೇಳುವುದೇ ಬೇಡ. ಬಹುಪಾಲು ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಗಾಣಕ್ಕೆ. ಅದರಲ್ಲೂ ಚೂರುಪಾಲು ಮಾತ್ರ ಸಾವಯವ ಗಾಣಕ್ಕೆ.

ಇಂಥ ಗಾಣದ ಕೆಲಸ ಹೊಲದಲ್ಲೇ ಶುರು. ಕಬ್ಬಿನ ಒಣಗರಿಯಾದ ರವದಿಗೆ ಬೆಂಕಿ ಹಚ್ಚದೆ ಸಾಲಿನ ನಡುವೆ ಹೊದಿಸುತ್ತಾರೆ. ಯೂರಿಯಾ ಸುರಿದು ಬೆಳೆಸಿದ ಕಬ್ಬಿನ ಬೆಲ್ಲ ಸರಿಯಾಗಿ ಗಟ್ಟಿಯಾಗದು. ನೀರು ಹೆಚ್ಚಾಗಿ ಸವಳಾದ ಕರಿನೆಲದ್ದಾದರೆ ನಾಲಗೆಗೆ ಉಪ್ಪು ಹತ್ತುತ್ತದೆ, ಬೇಗ ನೀರಾಡುತ್ತದೆ. ಮಣ್ಣಿನ ತಪ್ಪನ್ನು ಕಡಾಯಿಯಲ್ಲಿ ತಿದ್ದಲು ಬರುವುದಿಲ್ಲ. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕು. ಒಣಗಲು ಬಿಟ್ಟರೆ ಅದರೊಳಗಿನ ಸಕ್ಕರೆ ಒಡೆದು ಪಾಕ ಕೈಕೊಡುತ್ತದೆ.

ಸೋಸಿದ ಕಬ್ಬಿನ ಹಾಲು ಕಾದಂತೆ ಮಡ್ಡಿ ಮೇಲೇಳುತ್ತದೆ. ಅದನ್ನು ಹಿಡಿದೆತ್ತುವುದು ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ. ಹುಳಿ ತಗ್ಗಿಸಲು ಸ್ವಲ್ಪ ಸುಣ್ಣದ ತಿಳಿ, ಹೆಚ್ಚಾದರೆ ಬಣ್ಣ ಗಾಢವಾಗುತ್ತದೆ. ಒಲೆಗೆ ಒಣಗಿಸಿದ ಕಬ್ಬಿನ ಸಿಪ್ಪೆಯೇ ಉರುವಲು. ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಅಚ್ಚಿನ ಪಾಕ ಬರುತ್ತದೆ. ಪಳಗಿದವರಿಗೆ ಥರ್ಮಾಮೀಟರ್ ಬೇಕಿಲ್ಲ: ತಣ್ಣೀರಿಗೆ ಹನಿಸಿದ ಪಾಕ ಬೆರಳಲ್ಲಿ ಉಂಡೆಯಾದರೆ ಕಡಾಯಿ ಇಳಿಸುತ್ತಾರೆ. ಒಂದು ಟನ್ ಕಬ್ಬಿಗೆ ಸಿಗುವುದು ನೂರು ಕಿಲೋ ಬೆಲ್ಲ, ಹೆಚ್ಚೆಂದರೆ ನೂರಿಪ್ಪತ್ತು.

ಯುರೋಪಿನ ಗುಡ್ಡಗಾಡಿನ ಕೆಲವು ದ್ರಾಕ್ಷಿ ಬೆಳೆಗಾರರದೂ ಗಂಧಕದ ಜೊತೆಗೇ ತಕರಾರು. ಏನೂ ಬೆರೆಸದೆ ವೈನ್ ಮಾಡುತ್ತೇವೆ ಎನ್ನುವವರಿಗಾಗಿ ಫ್ರಾನ್ಸಿನಲ್ಲಿ 2020ರಲ್ಲಿ ಒಂದು ಕಟ್ಟಳೆ ಬಂತು. ಅದರ ಪ್ರಕಾರ ಸಲ್ಫೈಟ್ ಲೀಟರಿಗೆ 30 ಮಿಲಿಗ್ರಾಂ ಮುಟ್ಟುವಂತಿಲ್ಲ. ನಮ್ಮಲ್ಲಿ ಬೆಲ್ಲಕ್ಕೆ ಇರುವ ಮಿತಿ ಕಿಲೋಗೆ 70 ಮಿಲಿಗ್ರಾಂ. ಅಲ್ಲಿ ಬಾಟಲಿ ತಳದ ಗಸಿಯನ್ನೂ ಮೆಚ್ಚಿ ಹೆಚ್ಚು ಹಣ ಕೊಡುವ ಗಿರಾಕಿ ಹುಟ್ಟಿಕೊಂಡಿದ್ದಾನೆ. ಇಲ್ಲಿನ ಹರಾಜು ಕಟ್ಟೆಗೆ ಅಂಥವನು ಇನ್ನೂ ಬಂದಿಲ್ಲ. ಆದ್ದರಿಂದ ಸಾವಯವ ಗಾಣದವರು ಪೇಟೆ ಬಿಟ್ಟು ನೇರವಾಗಿ ಮನೆಗಳಿಗೆ ಮಾರುವ ದಾರಿ ಹಿಡಿಯುತ್ತಾರೆ.

ಗೋಕಾಕದ ಕರದಂಟಿಗಂತೂ ಹಳದಿ ಬೆಲ್ಲದ ಹಂಗಿಲ್ಲ. ಕರಿದ ಅಂಟು, ಕೊಬ್ಬರಿ, ಉತ್ತತ್ತಿ ಸೇರಿದ ಮೇಲೆ ಅದರ ಬಣ್ಣ ಹೇಗೂ ಕಂದೇ. ಇನ್ನು ಕಬ್ಬಿನ ಮಾತು: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಸಂಶೋಧನಾ ಕೇಂದ್ರ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡುತ್ತಿದೆ. ಇಳುವರಿಯ ಜೊತೆ ಬೆಲ್ಲದ ಗುಣಕ್ಕೂ ಅಲ್ಲಿ ತೂಕ ಸಿಗಬೇಕು ಎಂಬುದು ನನ್ನ ಆಸೆ.

ಕೊಳ್ಳುವವರಿಗೆ ಒಂದು ಮಾತು: ಸಾವಯವ ಗಾಣದ ಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ. ಚಳಿಗಾಲದಲ್ಲಿ, ಗಾಣ ಆಡುವಾಗಲೇ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ.