ಶ್ರದ್ಧೆಯೂ ಜಿಜ್ಞಾಸೆಯೂ

ಧರ್ಮವನ್ನು ನಂಬಿದವನು ಆ ಧರ್ಮವನ್ನು ಕುರಿತು ಪ್ರಶ್ನಿಸಬಹುದೇ? ತನ್ನ ನಂಬುಗೆಗೆ ವಿರುದ್ಧವಾದ ಮಾತನ್ನು ಕಿವಿಗೊಟ್ಟು ಕೇಳಬಹುದೇ? ಈ ಪ್ರಶ್ನೆಯು ವಿದ್ಯಾಸಂಸ್ಥೆಗಳಲ್ಲಿ, ಅದರಲ್ಲಿಯೂ ಮಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳಲ್ಲಿ, ಆಗಾಗ ತಲೆದೋರುವುದುಂಟು. ಬೆಳಗಿನ ಪ್ರಾರ್ಥನೆಯಲ್ಲಿ ಕೈಮುಗಿದು ನಿಂತ ಬಾಲಕನೇ ಮಧ್ಯಾಹ್ನದ ಇತಿಹಾಸದ ತರಗತಿಯಲ್ಲಿ ಎದ್ದು ನಿಂತು, "ಇದು ನಿಜವಾಗಿಯೂ ನಡೆಯಿತೇ?" ಎಂದು ಕೇಳಿದರೆ ಅಧ್ಯಾಪಕರು ಏನು ಹೇಳಬೇಕು? ಗದರಿಸಿ ಕೂಡಿಸಿದರೆ ಬಾಲಕನ ಬುದ್ಧಿ ಮುದುಡುತ್ತದೆ. ನಕ್ಕು ತಳ್ಳಿಹಾಕಿದರೆ ಅವನ ಶ್ರದ್ಧೆ ಸಡಿಲುತ್ತದೆ. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಈ ನೆಲದಲ್ಲಿಯೇ ಈ ಪ್ರಶ್ನೆಗೆ ಉತ್ತರವು ದೊರೆಯುವಂತಿರುವುದರಿಂದ ಅದನ್ನು ಇಲ್ಲಿಯ ನಿದರ್ಶನಗಳಿಂದಲೇ ವಿಚಾರಿಸುವುದು ಉಚಿತವಾಗಿದೆ.

ಸಂಶಯವು ಶ್ರದ್ಧೆಯ ವೈರಿಯೆಂಬ ಭಾವನೆ ಜನರಲ್ಲಿ ಬಲವಾಗಿದೆ. ಸಂಶಯಾತ್ಮನು ನಾಶ ಹೊಂದುವನೆಂಬ ಗೀತೆಯ ಮಾತನ್ನು ಇದಕ್ಕೆ ಆಧಾರವಾಗಿ ಹೇಳುವುದು ವಾಡಿಕೆ. ಆದರೆ ಆ ಮಾತು ಬರುವ ನಾಲ್ಕನೆಯ ಅಧ್ಯಾಯದಲ್ಲಿಯೇ, ಅದಕ್ಕಿಂತ ಕೆಲವೇ ಶ್ಲೋಕಗಳ ಹಿಂದೆ, ಜ್ಞಾನವನ್ನು ನಮಸ್ಕಾರದಿಂದಲೂ ಸೇವೆಯಿಂದಲೂ ಪರಿಪ್ರಶ್ನೆಯಿಂದಲೂ ಪಡೆಯಬೇಕೆಂಬ ವಿಧಿಯಿದೆ. ನಮಸ್ಕಾರ, ಸೇವೆಗಳ ಪಂಕ್ತಿಯಲ್ಲಿಯೇ ಪ್ರಶ್ನೆಗೂ ಅಲ್ಲಿ ಮಣೆ ಹಾಕಲಾಗಿದೆ. ಗೌತಮನ ನ್ಯಾಯಸೂತ್ರಗಳು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ತರುವಾಯ ಮೂರನೆಯದಾಗಿಯೇ ಸಂಶಯವು ಬರುತ್ತದೆ. ಸಿದ್ಧಾಂತ, ತರ್ಕ, ನಿರ್ಣಯಗಳು ಅದರ ಅನಂತರದವು. ಸಂಶಯವೇ ಹುಟ್ಟದಿದ್ದರೆ ನಿರ್ಣಯಕ್ಕೆ ಎಡೆಯೆಲ್ಲಿ? ಗೀತೆಯು ನಿಂದಿಸಿದ್ದು ಸಂಶಯದಲ್ಲಿಯೇ ಮನೆಮಾಡಿಕೊಂಡು ಉಳಿದವನನ್ನು. ಸಂಶಯದ ಹೊಸ್ತಿಲನ್ನು ದಾಟಿ ಒಳಗೆ ಬರುವವನನ್ನಲ್ಲ.

ಇನ್ನು ಬಾಗೇವಾಡಿಗೆ ಬರೋಣ. ಬಸವಣ್ಣನವರ ಧರ್ಮಜೀವನದ ಮೊದಲ ಹೆಜ್ಜೆಯೇ ಒಂದು ಪ್ರಶ್ನೆಯೆಂಬುದನ್ನು ಎಲ್ಲ ಚರಿತ್ರಕಾರರೂ ಒಪ್ಪುತ್ತಾರೆ. ಆದರೆ ಆ ಪ್ರಸಂಗವನ್ನು ಹೇಳುವಲ್ಲಿ ಅವರು ಒಂದಾಗಿಲ್ಲ. ಹರಿಹರನ ರಗಳೆಯಲ್ಲಿ ಬಸವಣ್ಣನವರು ತಂದೆತಾಯಿಗಳನ್ನು ಕಳೆದುಕೊಂಡು, ಮುತ್ತಜ್ಜಿಯ ಆರೈಕೆಯಲ್ಲಿ ಬೆಳೆದು, ಉಪನಯನವಾದ ತರುವಾಯ ಹದಿಹರೆಯದಲ್ಲಿ ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ತೆರಳುತ್ತಾರೆ. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಲ್ಲಾದರೋ ಬಾಲಕ ಬಸವಣ್ಣನವರು ಬದುಕಿರುವ ತಂದೆಯೊಡನೆಯೇ ವಾದಿಸಿ ಉಪನಯನವನ್ನು ನಿರಾಕರಿಸುತ್ತಾರೆ. ಈ ಎರಡು ಕಥನಗಳನ್ನು ಬದಿಬದಿಗಿಟ್ಟು, ಯಾವುದು ಹಳೆಯದು, ಯಾವುದರಲ್ಲಿ ಪುರಾಣದ ಅಂಶ ಹೆಚ್ಚೆಂದು ವಿಚಾರಿಸಿದರೆ ಅದು ಅಪಚಾರವೇ? ಎರಡನ್ನೂ ರಚಿಸಿದವರು ಶಿವಭಕ್ತರೇ. ಎರಡನ್ನೂ ಕಾಪಾಡಿದವರು ಮಠಗಳ ಸ್ವಾಮಿಗಳೂ ಗ್ರಾಮಗಳ ಶರಣರೂ ಆಗಿದ್ದಾರೆ. ಭಿನ್ನಪಾಠಗಳನ್ನು ಸುಟ್ಟುಹಾಕದೆ ಎರಡನ್ನೂ ಓಲೆಗರಿಗಳ ಕಟ್ಟಿನಲ್ಲಿ ಉಳಿಸಿದುದೇ ಹಿಂದಿನವರ ಉದಾರಬುದ್ಧಿಗೆ ಸಾಕ್ಷಿ.

ಶರಣರ ಗೋಷ್ಠಿಯ ಸ್ವರೂಪವೂ ಇಂಥದೇ. ಹದಿನೈದನೆಯ ಶತಮಾನದಿಂದ ಹಲವು ಪರಿಷ್ಕರಣಗಳಲ್ಲಿ ಬೆಳೆದು ಬಂದ ಶೂನ್ಯಸಂಪಾದನೆಯು ಮೊದಲಿನಿಂದ ಕೊನೆಯವರೆಗೆ ಸಂವಾದರೂಪವಾದ ಗ್ರಂಥ. ಅದರಲ್ಲಿ ಅಲ್ಲಮಪ್ರಭುಗಳು ಕಂಡಕಂಡವರನ್ನೆಲ್ಲ ಪ್ರಶ್ನೆಯ ಒರೆಗೆ ಹಚ್ಚುತ್ತಾರೆ. ಇಂಡಿಗೆ ಉತ್ತರದಲ್ಲಿರುವ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮೇಶ್ವರರು ಕೆರೆಗಳನ್ನು ತೋಡಿಸುತ್ತ, ಗುಡಿಗಳನ್ನು ಕಟ್ಟಿಸುತ್ತ ಲೋಕೋಪಕಾರದಲ್ಲಿ ನಿರತರಾಗಿದ್ದಾಗ ಪ್ರಭುಗಳು ಅಲ್ಲಿಗೆ ಬಂದು, ಈ ಕಾರ್ಯದಿಂದ ಆತ್ಮಕ್ಕೆ ಆದ ಲಾಭವೇನೆಂದು ಕೆಣಕಿದರು. ಕೆರೆಯ ಕೆಲಸದವರು ಸಿಟ್ಟಿಗೆದ್ದು ಪ್ರಶ್ನಿಸಿದವರ ಮೇಲೆ ಕಲ್ಲು ಬೀರಿದರೆಂದೂ, ಸಿದ್ಧರಾಮೇಶ್ವರರೂ ಮೊದಲು ಕೋಪಗೊಂಡರೆಂದೂ ಗ್ರಂಥವು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೊನೆಗೆ ಕೋಪ ಇಳಿಯಿತು, ಮಾತು ಉಳಿಯಿತು. ಸಿದ್ಧರಾಮೇಶ್ವರರು ಪ್ರಶ್ನಿಸಿದವರೊಡನೆಯೇ ಕಲ್ಯಾಣಕ್ಕೆ ಹೊರಟರು. ಕಲ್ಲು ಬೀರಿದವರಲ್ಲಿ ಅಭಿಮಾನಕ್ಕೆ ಕೊರತೆಯಿರಲಿಲ್ಲ; ಆದರೆ ಅವರ ಗುರುವಿನ ಹಿರಿಮೆ ಬೆಳಗಿದುದು ಅವರ ಕಲ್ಲಿನಿಂದಲ್ಲ, ಆ ಗುರುವು ವಿರೋಧಿಯ ಮಾತಿಗೆ ಮನಗೊಟ್ಟುದರಿಂದ.

ಪ್ರಶ್ನಿಸುವ ಅಧಿಕಾರವು ಪ್ರಭುಗಳಂಥ ಮಹಾಜ್ಞಾನಿಗಳಿಗೆ ಮಾತ್ರ ಮೀಸಲಾಗಿತ್ತೆಂದು ತಿಳಿಯಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವರ ಪತ್ನಿ ಲಕ್ಕಮ್ಮನವರು, ಈ ಅತಿಯಾಸೆ ಶರಣರಿಗೆ ತಕ್ಕುದೇ ಎಂದು ಕೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಮಾಡಿದರು. ಆ ಪ್ರಶ್ನೆಯಿಂದ ಮಾರಯ್ಯನವರ ಕಾಯಕನಿಷ್ಠೆ ಕುಂದಲಿಲ್ಲ, ಶುದ್ಧವಾಯಿತು.

ಇವೆಲ್ಲ ಒಳಗಿನವರ ಪ್ರಶ್ನೆಗಳಾದವು. ಹೊರಗಿನವರು, ನಮ್ಮ ನಂಬುಗೆಯಲ್ಲಿ ಪಾಲಿಲ್ಲದವರು ಪ್ರಶ್ನಿಸಿದರೆ? ಅದಕ್ಕೂ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು, ಬಿಜ್ಜಳನ ಕಾಲದ ಶಾಸನಗಳಲ್ಲಿ ಬಸವಣ್ಣನವರ ಹೆಸರು ಕಾಣದಿರುವುದನ್ನು ಎತ್ತಿ ತೋರಿಸಿ, ಪುರಾಣಗಳ ಕಥನವನ್ನು ಚರಿತ್ರೆಯೆಂದು ಒಪ್ಪಲು ಹಿಂಜರಿದರು. ಅಬ್ಬಲೂರಿನ ಶಾಸನದಲ್ಲಿ ವರ್ಣಿತನಾದ ಏಕಾಂತದ ರಾಮಯ್ಯನಿಗೆ ಹೆಚ್ಚಿನ ಸ್ಥಾನವನ್ನು ಕೊಟ್ಟರು. ಭಕ್ತರ ಪಾಲಿಗೆ ಇದು ನೋವಿನ ಮಾತು. ಆದರೆ ಈ ಆಕ್ಷೇಪಕ್ಕೆ ದೊರೆತ ಸಮಾಧಾನ ಯಾವುದು? ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಒಂದು ಶಾಸನವು ಬೆಳಕಿಗೆ ಬಂದಿತು. ಬಾಗೇವಾಡಿಯ ಹೆಸರು, ಮಾದಿರಾಜನ ಹೆಸರು, ಆತನ ಪುತ್ರರಾದ ಬಸವರಾಜರ ಹೆಸರು ಮೂರೂ ಆ ಕಲ್ಲಿನಲ್ಲಿವೆ. ಶಾಸನಗಳನ್ನು ಕೇಳಿದವರಿಗೆ ಶಾಸನವೇ ಉತ್ತರವಾಯಿತು. ಎಷ್ಟು ಸಾವಿರ ಜಯಘೋಷಗಳನ್ನು ಮಾಡಿದ್ದರೂ ಆ ಆಕ್ಷೇಪವು ಹಾಗೆಯೇ ಉಳಿಯುತ್ತಿತ್ತು.

ವಿಜಯಪುರದ ಡಾ. ಫ. ಗು. ಹಳಕಟ್ಟಿಯವರ ಸಾಧನೆಯನ್ನೂ ಈ ದೃಷ್ಟಿಯಿಂದ ನೋಡಬೇಕು. ವಕೀಲಿ ವೃತ್ತಿಯ ಅವರು ಓಲೆಗರಿಗಳನ್ನು ಅರಸುತ್ತ ಊರೂರು ಅಲೆದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಪೂಜೆಯ ಕಟ್ಟುಗಳಾಗಿ ಜಗುಲಿಯ ಮೇಲಿದ್ದ ಗ್ರಂಥಗಳನ್ನು ಬಿಚ್ಚಿ, ಓದಿ, ಪಾಠವನ್ನು ಪರಿಶೀಲಿಸಿ ಅಚ್ಚು ಹಾಕಿಸುವುದು ಆ ಕಾಲಕ್ಕೆ ಸಣ್ಣ ಧೈರ್ಯವಾಗಿರಲಿಲ್ಲ. ಕಟ್ಟು ಬಿಚ್ಚಿದುದರಿಂದ ವಚನಗಳ ಮಹಿಮೆ ಕಡಿಮೆಯಾಗಲಿಲ್ಲ, ನಾಡಿಗೆಲ್ಲ ಹರಡಿತು.

ಸಂಶಯವು ಹೊರಗಿನಿಂದಲೇ ಬರಬೇಕೆಂದಿಲ್ಲ; ಭಕ್ತನ ಎದೆಯೊಳಗೂ ಮೂಡಬಹುದು. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಕವಿ ಮಧುರಚೆನ್ನರು ತಮ್ಮ ಸಾಧನೆಯ ದಾರಿಯನ್ನು ತಾವೇ ಬರೆದಿಟ್ಟಿದ್ದಾರೆ. ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಆ ಬರೆಹಗಳ ಹೆಸರುಗಳೇ ದಾರಿಯ ಸ್ವರೂಪವನ್ನು ಹೇಳುತ್ತವೆ. ದೇವರ ಇರವನ್ನು ಕುರಿತ ತಳಮಳವನ್ನು ಮುಚ್ಚಿಡದೆ ಅನುಭವಿಸಿದವರಾದುದರಿಂದಲೇ 'ನನ್ನ ನಲ್ಲ'ದ ಭಕ್ತಿಗೆ ಆ ಬಗೆಯ ಗಟ್ಟಿತನ ಬಂದಿತು. ಕತ್ತಲೆಯನ್ನು ಕಾಣದವನಂತೆ ನಟಿಸಿದ್ದರೆ ಅವರಿಗೆ ಬೆಳಗಿನ ಮಾತನ್ನು ಬರೆಯುವ ಹಕ್ಕೂ ಇರುತ್ತಿರಲಿಲ್ಲ.

ಇಷ್ಟು ಉಜ್ವಲವಾದ ಪರಂಪರೆಯು ನಮ್ಮ ಕಾಲದಲ್ಲಿ ಒಮ್ಮೆ ಕಠಿನವಾದ ಪರೀಕ್ಷೆಗೆ ಒಳಗಾಯಿತೆಂಬುದನ್ನೂ ಮರೆಯಲಾಗದು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯು ಕೃಷ್ಣೆಯ ದಡದಲ್ಲಿರುವ, ನೀಲಾಂಬಿಕೆಯವರ ಐಕ್ಯಸ್ಥಳವೆಂದು ಭಕ್ತರು ಪೂಜಿಸುವ ಕ್ಷೇತ್ರ. ಸಿಂದಗಿ ತಾಲೂಕಿನಿಂದ ಬಂದ ಸಂಶೋಧಕರಾದ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ 'ಮಾರ್ಗ' ಸಂಪುಟದಲ್ಲಿ ನೀಲಾಂಬಿಕೆಯವರ ವಚನಗಳನ್ನು ಆಧರಿಸಿ ಆಕೆಯ ದಾಂಪತ್ಯವನ್ನು ಕುರಿತೂ, ಬೇರೆ ಆಕರಗಳಿಂದ ಚೆನ್ನಬಸವಣ್ಣನವರ ಜನನವನ್ನು ಕುರಿತೂ ಕೆಲವು ಊಹೆಗಳನ್ನು ಮುಂದಿಟ್ಟಿದ್ದರು. 1989ರಲ್ಲಿ ಇದರ ವಿರುದ್ಧ ಪ್ರಬಲವಾದ ಪ್ರತಿಭಟನೆ ಎದ್ದು, ಒತ್ತಡಕ್ಕೆ ಸಿಲುಕಿದ ಅವರು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.

ತಾಯಿಯೆಂದು ಪೂಜಿಸುವವರನ್ನು ಕುರಿತು ಇಂಥ ಮಾತು ಬಂದಾಗ ಭಕ್ತರಿಗೆ ನೋವಾದುದು ಸಹಜ. ಆ ನೋವನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಸಂಶೋಧಕನೂ ಪ್ರಮಾಣವೆಷ್ಟು, ಊಹೆಯೆಷ್ಟು ಎಂಬುದನ್ನು ಬಿಡಿಸಿ ಹೇಳಬೇಕಾದುದು ಧರ್ಮ. ಆದರೆ ವಚನದ ಅರ್ಥವನ್ನು ಕುರಿತ ವಾದಕ್ಕೆ ತಕ್ಕ ಉತ್ತರವು ಅದೇ ವಚನದ ಮೇಲಾದ ಅರ್ಥವಿವರಣೆ. ಅಂಥ ಉತ್ತರವನ್ನು ಕೊಡಬಲ್ಲ ಪಂಡಿತರು ಇದ್ದರು, ಕೊಟ್ಟವರೂ ಉಂಟು. ಬಲವಂತದಿಂದ ಹಿಂತೆಗೆಸಿದ ಮಾತಾದರೋ ಸುಳ್ಳೆಂದು ಸಿದ್ಧವಾಗುವುದಿಲ್ಲ, ನಿಜವೆಂದೂ ಸಿದ್ಧವಾಗುವುದಿಲ್ಲ. ನಿರ್ಣಯವಿಲ್ಲದ ಗಾಯವಾಗಿ ಉಳಿಯುತ್ತದೆ. ಇದೇ ಕಲಬುರ್ಗಿಯವರು ಸರಕಾರವು 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನಸಾಹಿತ್ಯದ ಯೋಜನೆಗೆ ಪ್ರಧಾನ ಸಂಪಾದಕರಾಗಿ ದುಡಿದರು. ಅವರನ್ನು ವಿರೋಧಿಸಿದವರೂ ಇಂದು ವಚನವನ್ನು ಹುಡುಕುವಾಗ ತೆರೆಯುವುದು ಆ ಸಂಪುಟಗಳನ್ನೇ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಆ ಹತ್ಯೆಯನ್ನು ಹಳೆಯ ವಿವಾದದೊಡನೆ ಗಂಟುಹಾಕುವುದು ನ್ಯಾಯವಲ್ಲ. ಅದು ನ್ಯಾಯಾಲಯವು ತೀರ್ಮಾನಿಸಬೇಕಾದ ವಿಷಯ. ಪ್ರಶ್ನಿಸುವ ಬಾಯಿಯನ್ನು ಮುಚ್ಚಿಸಬಹುದೆಂಬ ಬುದ್ಧಿ ಮಾತ್ರ, ಯಾರಲ್ಲಿಯೇ ಇರಲಿ, ಶರಣರ ಬುದ್ಧಿಯಲ್ಲವೆಂದು ನಿಸ್ಸಂದೇಹವಾಗಿ ಹೇಳಬಹುದು.

ಹಾಗಾದರೆ ಎಲ್ಲ ಪ್ರಶ್ನೆಗಳೂ ಸಮಾನವೇ? ಅಲ್ಲ. ತರ್ಕಶಾಸ್ತ್ರವು ವಾದ, ಜಲ್ಪ, ವಿತಂಡಗಳೆಂದು ಮೂರು ಬಗೆಯ ಚರ್ಚೆಯನ್ನು ವಿಂಗಡಿಸಿದೆ. ತತ್ತ್ವವನ್ನು ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಎದುರಿನವನ ಮಾತನ್ನು ಕೆಡಿಸುವುದು ವಿತಂಡ. ವಿದ್ಯಾರ್ಥಿಗೆ ಕಲಿಸಬೇಕಾದುದು ವಾದವನ್ನು. ಅದರ ಮೊದಲ ನಿಯಮವೇ ಪೂರ್ವಪಕ್ಷದ ನಿರೂಪಣೆ: ಎದುರಾಳಿಯು ಕೇಳಿ, "ಹೌದು, ನನ್ನ ಮಾತು ಇದೇ" ಎಂದು ತಲೆದೂಗುವಂತೆ ಅವನ ಪಕ್ಷವನ್ನು ಮೊದಲು ಹೇಳಬೇಕು, ಆಮೇಲೆ ಖಂಡಿಸಬೇಕು. ವಿರುದ್ಧಪಕ್ಷವನ್ನು ಓದದವನು ಈ ಮೊದಲ ಮೆಟ್ಟಿಲನ್ನೇ ಏರಲಾರನು. ನಮ್ಮ ಭಾಷ್ಯಕಾರರೆಲ್ಲ ಈ ಕ್ರಮದಲ್ಲಿಯೇ ನಡೆದವರು.

ಅಧಿಕಾರಿಭೇದವನ್ನೂ ಇಲ್ಲಿ ಗಮನಿಸಬೇಕು. ಎಳೆಯ ಸಸಿಗೆ ಬೇಲಿ ಬೇಕು. ಪ್ರಾಥಮಿಕ ತರಗತಿಯ ಮಗುವಿಗೆ ವಚನಗಳ ಕಂಠಪಾಠ, ಶರಣರ ಕಥೆಗಳು ಸಾಕು. ಬೆಳೆದ ಮರಕ್ಕೂ ಬೇಲಿಯನ್ನು ಬಿಗಿದರೆ ಅದೇ ಕೊರಳಿಗೆ ಉರುಳಾಗುತ್ತದೆ. ಪ್ರೌಢಶಾಲೆಯ ಹುಡುಗನಿಗೆ ಹರಿಹರನನ್ನೂ ಭೀಮಕವಿಯನ್ನೂ ಒಟ್ಟಿಗೆ ತೋರಿಸಬಹುದು. ಕಾಲೇಜಿಗೆ ಹೋದವನಿಗೆ ಫ್ಲೀಟರ ಆಕ್ಷೇಪವನ್ನೂ ಅರ್ಜುನವಾಡದ ಉತ್ತರವನ್ನೂ ಓದಿಸಬಹುದು. ಊರಿನಲ್ಲಿ ಕೇಳದ ಪ್ರಶ್ನೆಯನ್ನು ಅವನು ನಾಳೆ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಪರರ ಬಾಯಿಂದ ಕೇಳಿಯೇ ಕೇಳುತ್ತಾನೆ. ಗುರುಗಳ ಎದುರಿನಲ್ಲಿ ಮೊದಲೇ ಕೇಳಿದ್ದವನು ಅಲ್ಲಿ ತಬ್ಬಿಬ್ಬಾಗುವುದಿಲ್ಲ.

ಇದು ದಾನಿಗಳ ಲಕ್ಷ್ಯಕ್ಕೂ ಬರಬೇಕಾದ ಸಂಗತಿ. ಕಟ್ಟಡಕ್ಕೆ ಕೊಟ್ಟ ದಾನವು ಕಣ್ಣಿಗೆ ಕಾಣುತ್ತದೆ. ಗ್ರಂಥಾಲಯಕ್ಕೆ ಕೊಟ್ಟುದು ಕಾಣದೆ ಕೆಲಸ ಮಾಡುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಪುರಾಣಗಳ ಪಕ್ಕದಲ್ಲಿ ಶಾಸನಸಂಪುಟಗಳೂ, ವಚನಗಳ ಪಕ್ಕದಲ್ಲಿ ಅವುಗಳ ವಿಮರ್ಶೆಗಳೂ, ಒಪ್ಪುವವರ ಜೊತೆಗೆ ಒಪ್ಪದವರೂ ಇರುವಂತಾದರೆ ಅದು ಧರ್ಮಕ್ಕೆ ಸಲ್ಲಿಸಿದ ಸೇವೆಯೇ ಆಗುತ್ತದೆ. ಹಳೆಯ ವಿದ್ಯಾರ್ಥಿಗಳು ತಾವು ಹೊರಗೆ ಎದುರಿಸಿದ ಪ್ರಶ್ನೆಗಳನ್ನು ಮರಳಿ ಬಂದು ತಮ್ಮ ಶಾಲೆಯ ಮಕ್ಕಳ ಮುಂದೆ ಇಟ್ಟರೆ ಅದೂ ಒಂದು ದಾನವೇ.

ತರಗತಿಯಲ್ಲಿ ಎದ್ದು ನಿಂತ ಬಾಲಕನಿಗೆ ಅಧ್ಯಾಪಕರು ಕೊಡಬೇಕಾದ ಉತ್ತರವು ಇದರಿಂದ ಸ್ಪಷ್ಟವಾಗುತ್ತದೆ. ನಡೆಯಿತೆಂದು ಹೇಳುವವರು ಯಾರು, ಅವರ ಆಧಾರವೇನು, ಅಲ್ಲವೆನ್ನುವವರ ಆಧಾರವೇನು ಎಂಬುದನ್ನು ಅವನಿಗೆ ತಿಳಿಸಿ, ಕಪಾಟಿನಿಂದ ಎರಡು ಪುಸ್ತಕಗಳನ್ನು ತೆಗೆದು ಅವನ ಕೈಗೆ ಕೊಡಬೇಕು. ಓದಿ ಮುಗಿಸಿದ ಮರುದಿನವೂ ಅವನು ಪ್ರಾರ್ಥನೆಗೆ ಬಂದು ಕೈಮುಗಿದರೆ, ಆ ನಮಸ್ಕಾರವು ಅವನದೇ ಆಗಿರುತ್ತದೆ.